ಪೀಪಾಯಿ ಬಲ್ಲವನು

ಎಡಗೈ ನಡುಬೆರಳು ಬೆನ್ನಿಗೆ ಒತ್ತಿ
ಬಲಗೈ ನಡುಬೆರಳಿಂದ ಅದರ ಮೇಲೆ ಬಡಿ.
ಮಣಿಕಟ್ಟು ಸಡಿಲಿರಲಿ. ಪುಸ್ತಕ ಹೇಳಿದ್ದು ಇಷ್ಟೇ.

ಪೋರ್ಟೊದ ಆಸ್ಪತ್ರೆ, ಏಳನೇ ವಾರ್ಡು.
ಮೂರನೇ ವರ್ಷದ ಬೆನೆದಿತಾ ಬಡಿಯುತ್ತಾಳೆ,
ಬಾಗಿಲು ತಟ್ಟಿ ಓಡಿಹೋಗುವ ಮಕ್ಕಳ ಹಾಗೆ.

ಮಂಚದಲ್ಲಿ ಬೆನ್ನು ಕೊಟ್ಟು ಕೂತ ಅಡೆಲಿನೊ
ನದಿಯಾಚೆ ಗಾಯಾದಲ್ಲಿ ನಲವತ್ತೊಂದು ವರ್ಷ
ಓಕ್ ಹಲಗೆ ಬಾಗಿಸಿ ದ್ರಾಕ್ಷಾರಸಕ್ಕೆ ಪೀಪಾಯಿ ಕಟ್ಟಿದವನು.
"ಅಷ್ಟು ಹೆದರಬೇಡ ಮಗಳೇ," ಕೆಮ್ಮುತ್ತ ಅನ್ನುತ್ತಾನೆ,
"ಮರಕ್ಕೆ ನೋವಾಗುವುದಿಲ್ಲ. ಮೇಲಿಂದ ಬಾ."

ಮೇಲಿಂದ ಬರುತ್ತಾಳೆ.
ಭುಜದೆಲುಬಿನ ಬಳಿ ಟೊಳ್ಳು,
ಇನ್ನೆರಡು ಬೆರಳು ಕೆಳಗೆ, ಟೊಳ್ಳು,
ಆಮೇಲೆ ಸದ್ದು ಒಮ್ಮೆಗೇ ಮೊಂಡು,
ಹಸಿ ಮಣ್ಣುಗೋಡೆ ತಟ್ಟಿದಂತೆ.

"ಅಲ್ಲಿ," ಅನ್ನುತ್ತಾನೆ ಅವನು, ಅವಳಿಗಿಂತ ಮುಂಚೆ.
"ಅಲ್ಲಿಂದ ಕೆಳಗೆ ತುಂಬಿದೆ."

ಚಳಿಗಾಲದಿಂದ ಮೂರು ಸಲ ನ್ಯುಮೋನಿಯಾ,
ಮೂರು ಸಲವೂ ಅದೇ ಬಲಗಡೆ, ಅದೇ ಕೆಳಮೂಲೆ.
ಮಾತ್ರೆಗೆ ಜ್ವರ ಇಳಿಯಿತು, ಜೊತೆಗೆ ತೂಕವೂ.
ಜ್ವರ ಮತ್ತೆ ಹತ್ತಿತು, ತೂಕ ಹತ್ತಲಿಲ್ಲ.
ಪ್ರೊಫೆಸರ್ ಕ್ಲೋಟಿಲ್ಡೆ ಹೇಳಿದ್ದರು:
ಒಂದೇ ಮನೆಗೆ ಮೂರು ಸಲ ಕಳ್ಳ ನುಗ್ಗಿದರೆ
ಒಳಗಿಂದ ಚಿಲಕ ತೆಗೆದವರನ್ನು ಹುಡುಕಿ.

ಅವನ ಕೈ ಹಿಡಿದು ನೋಡುತ್ತಾಳೆ.
ಬೆರಳ ತುದಿಗಳು ಊದಿ, ನಗಾರಿಯ ಕೋಲು.
ಉಗುರಿನ ಬುಡ ಒತ್ತಿದರೆ ಮೆತ್ತಗೆ.
"ಸುತ್ತಿಗೆ ಹಿಡಿದು ಹಾಗಾಗಿದೆ."
ಅವಳು ಅಲ್ಲ ಅನ್ನುವುದಿಲ್ಲ.

ಸೂಜಿಯಿಂದ ಬಾಟಲಿಗಿಳಿದದ್ದು ಕೆಂಪು.
ಬೆಳಕಿಗೆ ಹಿಡಿಸಿ ನೋಡುತ್ತಾನೆ, ಹಳೆಯ ಅಭ್ಯಾಸ:
"ಯಾವ ವರ್ಷದ್ದಿದು?"

ಅವಳು ಚೀಟಿಯ ಮೇಲೆ
ಇವತ್ತಿನ ತಾರೀಖು ಬರೆಯುತ್ತಾಳೆ.