ಬಾಣದ ಗುರುತು

ಹನೋಯ್ ಇನ್ನೂ ಗಾಢ ನಿದ್ದೆಯಲ್ಲಿದೆ.
ನಮಗೆ ರಾತ್ರಿ ಎರಡಕ್ಕೇ ಬೆಳಗು.
ನೆನೆದ ಸೋಯಾ ಕಾಳು ಬೆರಳ ನಡುವೆ
ಎರಡು ಬೇಳೆಯಾಗಿ ಜಾರಿದರೆ ಹದ ಬಂತೆಂದು ಲೆಕ್ಕ.
ಗಿರಣಿ ಹಾಕುತ್ತೇನೆ. ಓಣಿಯ ಅರವತ್ತು ಮನೆಯಲ್ಲೂ
ಅದೇ ಸದ್ದು, ಅದೇ ಹೊತ್ತು.
ಒಂದು ಮನೆ ಸುಮ್ಮನಿದ್ದರೆ
ಅಲ್ಲಿ ಹೆರಿಗೆಯೋ ಸಾವೋ ಎಂದು ತಿಳಿಯಬೇಕು.

ಹಾಲು ಉಕ್ಕಿ, ಹುಳಿನೀರು ಬಿದ್ದು, ಒಡೆದು,
ಬಟ್ಟೆಯೊಳಗೆ ಕಲ್ಲಿನ ಭಾರಕ್ಕೆ ಕೂತು
ತೋಫು ಆಗುವ ಹೊತ್ತಿಗೆ
ಉಳಿಯುವುದು ಚರಟ, ತಿಳಿನೀರು.
ಎರಡೂ ಹಂದಿಗೆ.
ಹಂದಿಯದ್ದು ಗುಂಡಿಗೆ.
ಗುಂಡಿಯ ಉಸಿರು ಕೊಳವೆ ಹಿಡಿದು ಒಲೆಗೆ.
ಒಲೆಯ ಮೇಲೆ ಮತ್ತೆ ಹಾಲು.
ಅತ್ತೆ ಮನ್ ಹೇಳುತ್ತಿದ್ದಳು:
"ಈ ಮನೆಯಿಂದ ಹೊರಗೆ ಹೋಗಬೇಕಾದ್ದು ಮೂರೇ,
ತೋಫು, ಹಂದಿ, ಮದುವೆಯಾದ ಮಗಳು."

ಹಾಗೆಂದರೆ ನಡೆಯಿತೇ?
ಎರಡು ಹಂದಿ ಇದ್ದಲ್ಲಿ ಮೂವತ್ತು ಬಂದವು.
ನಗರ ಬಾಯಿ ದೊಡ್ಡದು ಮಾಡಿತು,
ನಾವು ಕೈ ದೊಡ್ಡದು ಮಾಡಿದೆವು,
ಗುಂಡಿ ಮಾತ್ರ ಅಷ್ಟೇ ಇತ್ತು.
ತುಂಬಿ ಚೆಲ್ಲಿದ್ದು ಕಾಲುವೆಗೆ.
ಕಾಲುವೆಗೆ ಮಕ್ಕಳು ಇಟ್ಟ ಹೆಸರು ಕಾಫಿ.
ಮೊದಲು ಬಸವನಹುಳು ಹೋದವು,
ಆಮೇಲೆ ಬಾತುಕೋಳಿ,
ಕೊನೆಗೆ ಕೆಳಗಿನ ಊರಿನ ನೆಂಟಸ್ತಿಕೆ.

ಹೋದ ಚಳಿಗಾಲ ಡಿಯೆಪ್ ಬಂದಳು, ಜಿಲ್ಲಾ ಕಚೇರಿಯ ಹುಡುಗಿ.
ಬೂಟಿನ ಕೆಸರು ನೋಡಿಯೇ ಅತ್ತೆಗೆ ಅರ್ಧ ಮೆಚ್ಚುಗೆ.
ಚಾಪೆಯ ಮೇಲೆ ಹಾಸಿದಳು ಚಾಪೆಯಷ್ಟೇ ಕಾಗದ:
ಊರಾಚೆ, ಹಳೇ ಇಟ್ಟಿಗೆ ಗೂಡಿನ ಜಾಗದಲ್ಲಿ
ತೋಫುವಿನವರು, ಶಾವಿಗೆಯವರು, ಅಕ್ಕಿ ಸಾರಾಯಿ ಕಾಸುವವರು
ಒಂದೇ ಸೂರಿನಡಿ ಸಾಲಾಗಿ;
ಹಂದಿಗೆ ಬೇರೆ ಸಾಲು, ಗಾಳಿ ಊರಿಗೆ ಬೀಸದ ಕಡೆ;
ಎಲ್ಲರ ನಡುವೆ ಒಂದೇ ಗುಂಡಿ, ಬಸುರಿ ಎಮ್ಮೆಯಂಥದ್ದು;
ಸೋಸಿದ ನೀರು ಸೊಪ್ಪಿನ ಮಡಿಗೆ.
ಒಂದರಿಂದ ಒಂದಕ್ಕೆ ಹಸಿರು ಬಾಣ.

ಅತ್ತೆ ಕನ್ನಡಕ ಏರಿಸಿ, ಬೆರಳಿಟ್ಟು,
ಇರುವೆ ಸಾಲಿನ ಬೆನ್ನು ಹತ್ತಿದವಳ ಹಾಗೆ
ಬಾಣದ ಹಿಂದೆ ಬಾಣ ಹೋದಳು.
"ನನ್ನ ಹಿತ್ತಿಲನ್ನೇ ದೊಡ್ಡದಾಗಿ ಬರೆದಿದ್ದೀಯಲ್ಲೇ ಹುಡುಗಿ!"
ಬೆರಳು ಕಾಗದದ ಅಂಚಿಗೆ ಬಂದು ನಿಂತಿತು.
ಅಲ್ಲಿ 'ನಗರ' ಎಂದು ಬರೆದಿತ್ತು.
ಒಂದು ಬಾಣ ಒಳಗೆ ಹೊಕ್ಕು ಹಾಗೇ ಮಾಯ.

"ಇದು ಹಿಂದೆ ಬರುವುದೆಲ್ಲಿ?
ನೆರೆಮನೆಗೆ ಕೊಟ್ಟ ಬಟ್ಟಲೂ ಬರಿದೇ ಬರುವುದಿಲ್ಲ.
ಇಷ್ಟು ದೊಡ್ಡ ಊರು ಉಂಡು
ಎಲೆ ಎಲ್ಲಿ ಎಸೆಯುತ್ತದೆ?"
ಡಿಯೆಪ್ ಪೆನ್ನಿನ ತುದಿ ಕಚ್ಚಿದಳು.
ಬಹಳ ಹೊತ್ತು ಕಚ್ಚಿದಳು.

ಈಗ ಆ ಬಾಣದ ಹೆಸರು ಹ್ವಾಯ್.
ಮೋಟಾರುಬೈಕಿನ ಹಿಂದೆ ಮಣ ಭಾರ ತೋಫು ಹೇರಿಕೊಂಡು
ಕತ್ತಲಲ್ಲಿ ಕಬ್ಬಿಣದ ಸೇತುವೆ ದಾಟುತ್ತಾನೆ.
ಬಿಸಿಲೇರಿದಾಗ ಮರಳಿ ಬರುತ್ತಾನೆ,
ಏಳು ಸಾರಿನ ಅಂಗಡಿಗಳ ಏಳು ಬಕೆಟ್ಟು, ಮುಸುರೆ, ತೊಗಟೆ,
ಸುಲಿದ ಈರುಳ್ಳಿಯ ಗುಲಾಬಿ ಸಿಪ್ಪೆ.
"ಹಂದಿಗಲ್ಲ, ಗುಂಡಿಗೆ," ಡಿಯೆಪ್ ದಿನಾ ಹೇಳುತ್ತಾಳೆ.
ಯಾರೂ ಎದುರಾಡುವುದಿಲ್ಲ.
ಹಂದಿಜ್ವರದ ವರ್ಷ ಕೊಟ್ಟಿಗೆಗೆ ಸುರಿದ ಸುಣ್ಣ
ಎಲ್ಲರ ಕಣ್ಣಲ್ಲೂ ಇನ್ನೂ ಬಿಳಿಯಾಗಿದೆ.

ನಮ್ಮ ಒಲೆಗೀಗ ಉರಿ ಹೆಚ್ಚು; ಅದರಲ್ಲೊಂದಿಷ್ಟು ಹನೋಯಿಯ ಎಂಜಲು.

ಆದರೆ ಓಣಿ ರಾತ್ರಿ ಎರಡಕ್ಕೆ ಸುಮ್ಮನಿರುತ್ತದೆ.
ಗಿರಣಿಗಳೆಲ್ಲ ಊರಾಚೆ.
ಹೆರಿಗೆಯೂ ಇಲ್ಲ, ಸಾವೂ ಇಲ್ಲ.
ಅತ್ತೆ ಮಾತ್ರ ಎದ್ದು ಮಂಚದ ಅಂಚಿಗೆ ಕೂತು
ಯಾರ ಮನೆ ಎಂದು ಕಿವಿಯಿಟ್ಟು ಕೇಳುತ್ತಾಳೆ.
ಎದುರು ಮನೆಯ ಲ್ಯು ಇನ್ನೂ ಸ್ಥಳಾಂತರಕ್ಕೆ ಒಪ್ಪಿಲ್ಲ.
ಅವನ ಹಳೇ ಯಂತ್ರ ಕೆಮ್ಮಿದರೆ
ಅವಳಿಗೆ ನಿದ್ದೆ ಹತ್ತುತ್ತದೆ.

ಕಾಲುವೆ ಕಾಫಿಯಿಂದ ಚಹಾಕ್ಕೆ ಬಂದಿದೆ.
ಡಿಯೆಪ್ ಶೀಸೆಯಲ್ಲಿ ತುಂಬಿ ಅಳೆದು ಬರೆದುಕೊಳ್ಳುತ್ತಾಳೆ.
ನಾನು ಮೂರು ಬಾತುಮರಿ ತಂದು ಬಿಟ್ಟೆ.
ಎರಡು ಇಳಿದವು.
ಇನ್ನೊಂದು ದಡದಲ್ಲೇ ನಿಂತು
ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದೆ.