ಬೆರಳು ಹೊಂದುತ್ತಿಲ್ಲ

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯ ಹಿಂದೆ
ಬಾಗಿಲು ಸರಿಯಾಗಿ ಮುಚ್ಚದ ಗೋದಾಮು ನನ್ನದು.
ಬಾಡಿಗೆ ಕಡಿಮೆ, ಕಾರಣ ವಾಸನೆ;
ಮೊದಲು ಕೊಬ್ಬರಿಯದಿತ್ತು, ಈಗ ನೀಲಿಯದು.
ಸುಣ್ಣ, ಬೆಲ್ಲ, ಕಳಿತ ಬಾಳೆಹಣ್ಣು ತಿಂದು
ಹಂಡೆಯೊಳಗೆ ನೀಲಿ ನಿದ್ದೆಹೋಗುತ್ತದೆ,
ಮೇಲೆ ತಾಮ್ರದ ಕೆನೆ, ಕೆಳಗೆ ಪಾಚಿಯ ಹಳದಿ.
ಎಚ್ಚರಾಯಿತೋ ಇಲ್ಲವೋ ತಿಳಿಯಲು ಗಡಿಯಾರ ಬೇಡ,
ಮೂಗು ಸಾಕು ಅನ್ನುತ್ತಿದ್ದ ಕಲಿಸಿದ ಮುದುಕ.

ಜಸಿಂತಾ ಸಿಸ್ಟರ್ ಬಂದದ್ದು ಒಂದು ಮಂಗಳವಾರ,
ಕಂಕುಳಲ್ಲಿ ಸಿಮೆಂಟ್ ಚೀಲ,
ಒಳಗೆ ನಾಲ್ಕು ಬಿಳಿ ಸೀರೆ.
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ
ಗಂಜಿ ಕುಡಿದು, ಬ್ಲೀಚಿನಲ್ಲಿ ಮುಳುಗಿ
ನೂಲು ನೂಲೂ ಹಣ್ಣಾದ ಸೀರೆ.
"ಯಾವ ಬಣ್ಣ ಬೇಕು ಸಿಸ್ಟರ್?"
"ಬಿಳಿ ಬಿಟ್ಟು ಯಾವುದಾದರೂ."
ಆಮೇಲೆ ಒಂದು ಕ್ಷಣ ತಡೆದು,
"ಕೆಂಪೂ ಬೇಡ. ನೋಡಿದ್ದು ಸಾಕು."

ಗಂಜಿ ಬಿಡಿಸಲು ಎರಡು ದಿನ ಕುದಿಸಿದೆ.
ಸೆರಗಿನ ಬಳಿ ಯಾವುದೋ ಔಷಧಿಯ ಕಲೆ ಮಾತ್ರ
ಮನೆ ಬಿಡದ ಬಾಡಿಗೆದಾರನಂತೆ ಕೂತೇ ಇತ್ತು.

ಗಂಟು ಕಟ್ಟುವುದು ಕಲಿಸು ಅಂದರು.
ಹುಣಸೆಬೀಜ ಇಟ್ಟು, ಬಟ್ಟೆ ಚಿವುಟಿ ಎತ್ತಿ,
ಮೇಣದ ದಾರ ಸುತ್ತಿ ನಾನು ತೋರಿಸುವಷ್ಟರಲ್ಲಿ
ಅವರ ಬೆರಳು ಮುಂದೆ ಹೋಗಿಯಾಗಿತ್ತು:
ಮೊದಲ ಸುತ್ತು ಎರಡು ಬಾರಿ, ಆಮೇಲೆ ಎದುರು ಸುತ್ತು,
ಒಂದೇ ಎಳೆತ.
"ಇದು ಹೊಲಿಗೆ ಹಾಕೋ ಗಂಟು ಕಣೇ. ಹರಿದ ಜಾಗಕ್ಕೆ."
ಶಿವಮೊಗ್ಗದ ಗಾಡಿ ಕೂಗಿ ಹೋಗುವ ಹೊತ್ತಿಗೆ
ಸೀರೆ ತುಂಬ ಗಂಟು, ಕಡಲೆ ಚೆಲ್ಲಿದ ಹಾಗೆ.
"ಎಷ್ಟಾಯಿತು, ಲೆಕ್ಕ ಇಟ್ಟಿರಾ?"
"ಅಲ್ಲಿ ರಿಜಿಸ್ಟರಿತ್ತು. ಇಲ್ಲಿ ಯಾಕೆ?"

ಗ್ಲೌಸ್ ಕೊಟ್ಟೆ.
ಅದೂ ಸಾಕಾಗಿದೆ ಅಂದರು.
ಗಾಳಿ ತಾಗದಂತೆ ಮುಳುಗಿಸಬೇಕು,
ಮಡಿಕೆಗಳನ್ನು ನೀರೊಳಗೇ ಬಿಡಿಸಬೇಕು,
ಕಾಣದ್ದನ್ನು ಕೈಯೇ ನೋಡಬೇಕು ಎಂದು ನಾನು ಹೇಳುತ್ತಿದ್ದರೆ
ಅವರು ಮೊಣಕೈವರೆಗೆ ಇಳಿಸಿ
ಕಣ್ಣು ಮುಚ್ಚಿಕೊಂಡಿದ್ದರು.

ಹೊರಗೆ ಬಂದದ್ದು ಹಸಿರು,
ಈಗ ತಾನೆ ಬಿಟ್ಟ ಬಾಳೆಸುಳಿಯ ಎಳೆಹಸಿರು.
ನೋಡನೋಡುತ್ತ ಅಂಚು ಕಂದಿತು,
ಮಡಿಕೆ ಮಡಿಕೆಗೆ ಗಾಳಿ ಹೊಕ್ಕು
ಇಡೀ ಸೀರೆ ನೀಲಿಯಾಯಿತು.
ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ:
"ಬಟ್ಟೆ ಉಸಿರಾಡ್ತಿದೆ ಸಿಸ್ಟರ್."
ಅವರ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು.
"ನಮ್ಮಲ್ಲಿ ಉಲ್ಟಾ," ಅಂದರು.
"ನೀಲಿಯಾಗಿ ಬರೋವು. ಉಸಿರಾಡಿದ ಮೇಲೆ ಕೆಂಪು."

ಸ್ವಲ್ಪ ಹೊತ್ತಿನ ಮೇಲೆ,
"ಎಲ್ಲವೂ ಅಲ್ಲ."

ಐದು ಸಲ ಮುಳುಗಿಸಿದರೆ ಸಾಕಾಗುವ ಬಟ್ಟೆ.
ಅವತ್ತು ಒಂಬತ್ತು ಸಲ ಮುಳುಗಿಸಿದರು.
ನಾನು ಸಾಕೆನ್ನಲಿಲ್ಲ.

ಒಣಗಿದ ಮೇಲೆ ಗಂಟು ಬಿಚ್ಚಲು ಬರಲಿಲ್ಲ.
ಅದು ಬಿಚ್ಚಲೆಂದು ಹಾಕಿದ ಗಂಟಲ್ಲ.
ಪಕ್ಕದ ಟೈಲರ್ ಸಬೀಹಾ ಸಣ್ಣ ಕತ್ತರಿ ತಂದಳು.
ಒಂದೊಂದೇ ಕತ್ತರಿಸಿದಂತೆ ಬೀಜ ಟಪ್ಪನೆ ಉದುರಿ
ಬಿಳಿ ಉಂಗುರ ಕಣ್ಣು ಬಿಟ್ಟಿತು.
ಒಂದರ ಹಾಗೆ ಒಂದಿಲ್ಲ.
ಕೆಲವಕ್ಕೆ ನೀಲಿ ನುಗ್ಗಿ ಉಂಗುರವೇ ಇಲ್ಲ,
ಅವುಗಳ ಮೇಲೆ ಅವರು ಹೆಬ್ಬೆರಳು ಆಡಿಸಿದರು, ಅಷ್ಟೆ.
ಆ ಹಳೆಯ ಕಲೆ ಎಲ್ಲಿತ್ತೆಂದು ಮೂವರೂ ಹುಡುಕಿದೆವು.

ಸಬೀಹಾ ಅದರಲ್ಲೊಂದು ಉದ್ದ ಕೋಟು ಹೊಲಿದಳು.
ಎರಡು ಜೇಬು, ಆಳವಾದವು.
ಇಷ್ಟು ವರ್ಷ ಪೆನ್ನು ಸೊಂಟಕ್ಕೆ ಸಿಕ್ಕಿಸಿದವರಿಗೆ
ಜೇಬಿನೊಳಗೆ ಕೈ ಇಟ್ಟು ನಿಲ್ಲುವುದೇ ಒಂದು ಕೆಲಸವಾಯಿತು.

ಈಗ ಮಂಗಳವಾರ ತಪ್ಪುವುದಿಲ್ಲ. ಉಗುರು ಬೆಳ್ಳಗಾಗುವುದೂ ಇಲ್ಲ.
ನವೆಂಬರಿನಲ್ಲಿ ಅದೇ ಕೋಟು ತೊಟ್ಟು
ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಹೋಗಿ
ಯಂತ್ರದ ಮೇಲೆ ಹೆಬ್ಬೆರಳಿಟ್ಟರಂತೆ.
ಹೊಂದುತ್ತಿಲ್ಲ.
ಒರೆಸಿ ಇಟ್ಟರು, ಹೊಂದುತ್ತಿಲ್ಲ.
ಸಂಜೆ ಗೋದಾಮಿನ ಬಾಗಿಲಲ್ಲಿ ನಿಂತು ನಕ್ಕರು:
"ನಾನು ಬದುಕಿರೋದನ್ನ ಅದು ಒಪ್ಪಲಿಲ್ಲ ಕಣೇ.
ಕೈ ಚೆನ್ನಾಗಿ ತೊಳಕೊಂಡು ನಾಡಿದ್ದು ಬರಬೇಕಂತೆ."

ಹಾಗನ್ನುತ್ತಲೇ ತೋಳು ಮಡಿಚಿ,
ಹಂಡೆಯ ಮುಚ್ಚಳ ಸರಿಸಿ, ಬಗ್ಗಿ,
ಮೂಗು ಹಿಡಿದು ನೋಡಿ ಹೇಳಿದರು:
"ಎದ್ದಿದೆ."