ಕೆಡವದ ಮನೆಯ ಬಿಲ್ಲು

ಸಾಲಗಾಮೆ ರಸ್ತೆಯಲ್ಲಿ ಟಯರ್ ಅಂಗಡಿಯ ಮೇಲೆ
ನನ್ನ ಆಫೀಸು. ತಗಡಿನ ಸೂರು, ಪಡುವಣಕ್ಕೆ ಕಿಟಕಿ:
ಬೇಡವೇ ಬೇಡ ಎಂದು ಗಿರಾಕಿಗಳಿಗೆ ಹೇಳುವ
ಎರಡೂ ತಪ್ಪು ಒಂದೇ ಬಾಡಿಗೆಗೆ ಸಿಕ್ಕಿವೆ.
ಮಧ್ಯಾಹ್ನ ಮೂರಕ್ಕೆ ಏಸಿ ಹಾಕಿ
ಮಣ್ಣಿನ ಗೋಡೆಯ ತಂಪಿನ ಬಗ್ಗೆ ಮಾತಾಡುತ್ತೇನೆ.
ಬಂದವರು ತಲೆದೂಗುತ್ತಾರೆ,
ಏಸಿಯ ಕೆಳಗೇ ಕೂತು.

ಶಿವನಂಜೇಗೌಡರು ಬಂದದ್ದು
ಜಲಂಧರದ ಬಿತ್ತನೆಗೆಡ್ಡೆ ಮಾರ್ಕೆಟ್ಟಿಗೆ ಇಳಿದ ವಾರ.
"ಹಳೇದು ಕೆಡವಿ ಹೊಸದು ಹಾಕ್ಬುಡಿ ಮೇಡಂ,
ಮುಂದ್ಗಡೆ ಪೂರ್ತಿ ಗಾಜು.
ಬಿ.ಎಂ. ರೋಡಲ್ಲಿ ಚಿನ್ನದಂಗಡಿ ಐತಲ್ಲ, ಹಂಗೆ."
ಆ ಗಾಜು ನನ್ನದೇ ಎಂದು ಹೇಳಲಿಲ್ಲ.
ಆ ವರ್ಷದ ಸಂಬಳಗಳು, ಪ್ರಿಂಟರಿನ ಕಂತು
ಎಲ್ಲ ಅದರಿಂದಲೇ ಹುಟ್ಟಿದ್ದು.
ಬಳೆ ಕೊಳ್ಳಲು ಹೋದಾಗ
ಅದರೊಳಗೆ ನಾನೇ ಸೆರಗು ಬೀಸಿಕೊಂಡಿದ್ದೇನೆ.

ದುದ್ದದ ಹತ್ತಿರ ಅವರ ಮನೆ.
ಧರಣೇಂದ್ರ ಟೇಪು ಹಿಡಿದ, ಇಮ್ತಿಯಾಜ್ ಮೇಸ್ತ್ರಿ
ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿ, ಕಿವಿಯಿಟ್ಟು,
"ಇದು ಇನ್ನೂ ಮಾತಾಡ್ತದೆ" ಅಂದ.
ಹದಿನೆಂಟು ಇಂಚು ಮಣ್ಣು. ಒಡೆದ ಹೆಂಚು ನಲವತ್ತು.
ಹೊರಗೆ ಮೂವತ್ತೈದು ಡಿಗ್ರಿ.
ಒಳಕೋಣೆಯ ನೆಲದ ಮೇಲೆ
ಗೆಡ್ಡೆ ಹರಡಿದ್ದರು, ಮೊಳಕೆ ಬರಲೆಂದು.
ಕತ್ತಲು ಅದಕ್ಕೆ ಬೇಕಾದಷ್ಟೇ ಇತ್ತು,
ಗಾಳಿಯೂ ಅಷ್ಟೆ.
ಯಾರೂ ನಕ್ಷೆ ಬರೆಯದ ಆ ಕೋಣೆಯಲ್ಲಿ
ಚಪ್ಪಲಿ ಬಿಟ್ಟು ನಿಂತೆ, ಸ್ವಲ್ಪ ಹೆಚ್ಚೇ ಹೊತ್ತು.

"ಕೆಡವಬೇಡಿ" ಅಂದೆ.
ಅಡುಗೆಮನೆಗೆ ಬೆಳಕಿಂಡಿ, ಬಚ್ಚಲಿಗೆ ಹೊಸ ಮೋರಿ, ಹೆಂಚು.
"ಅಷ್ಟೇನಾ?"
"ಅಷ್ಟೇ."
ನನ್ನ ಫೀಸು ಕಟ್ಟಡದ ಖರ್ಚಿನ ಶೇಕಡಾ ಐದು.
ಆ ಲೆಕ್ಕ ತಲೆಯಲ್ಲಿ ಮುಗಿಯಲು
ಒಂದು ಲೋಟ ಮಜ್ಜಿಗೆಯಷ್ಟೂ ಹೊತ್ತು ಹಿಡಿಯಲಿಲ್ಲ.

ಬರುವಾಗ ರೈಲ್ವೆ ಗೇಟು ಬಿದ್ದಿತ್ತು.
ಇಮ್ತಿಯಾಜ್ ಹಿಂದಿನ ಸೀಟಿನಿಂದ ಮೆಲ್ಲಗೆ:
"ಒಂದ್ಮಾತು ಮೇಡಂ. ನಿಮ್ಮ ಭೂಮಿ ಉಳೀತು.
ನನ್ನ ಆರು ಜನ ನಾಳೆ ಎಲ್ಲಿಗೆ ಹೋಗ್ಲಿ?"
ಉತ್ತರ ಹುಡುಕುವಷ್ಟರಲ್ಲಿ
ಸಿಮೆಂಟು ಹೊತ್ತ ಗೂಡ್ಸು ಬಂತು.
ಧರಣೇಂದ್ರ ಎಣಿಸಿದ, ನಲವತ್ತೆರಡು ಡಬ್ಬಿ.
ಗೇಟು ಎದ್ದಿತು. ನಾನು ಗೇರು ಹಾಕಿದೆ.

ಒಂದು ಚೀಲ ಸಿಮೆಂಟಿಗೆ ಎಷ್ಟು ಹೊಗೆ ಎಂದು
ಕಾಲೇಜಿನಲ್ಲಿ ಕಲಿಸಿದ್ದರು.
ಕಟ್ಟದೆ ಬಿಟ್ಟದ್ದಕ್ಕೆ ಬಿಲ್ಲು ಬರೆಯುವುದನ್ನು ಕಲಿಸಲಿಲ್ಲ.
ಬರೆದು ನೋಡಿದೆ: ಕೆಡವದ ಗೋಡೆ, ಇಷ್ಟು ಚದರಡಿ.
ತರಿಸದ ಮರಳು, ಲಾರಿ ಹನ್ನೊಂದು.
ಪ್ರಭಾವತಿ ಕನ್ನಡಕ ಏರಿಸಿ ಕೇಳಿದಳು,
"ಜಿಎಸ್‌ಟಿಗೆ ಇದನ್ನ ಯಾವ ಖಾತೇಲಿ ತೋರಿಸ್ಲಿ?"
ಕೊನೆಗೆ ಒಂದೇ ಸಾಲು: ಸಲಹೆ, ಆರು ಸಾವಿರ.

ಗೌಡರು ಎರಡು ಸಾವಿರ ಕಳಿಸಿದರು.
ಗೆಡ್ಡೆ ಕಿತ್ತ ಮೇಲೆ ಒಂದು ಮೂಟೆ ಆಲೂ.
ಟಯರ್ ಅಂಗಡಿಯವರ ತಕ್ಕಡಿ ತಂದು ಹಂಚಿಕೊಂಡೆವು.
ಮೇಸ್ತ್ರಿಯ ಪಾಲಿಗೆ ನಾನು ಎರಡು ಕೇಜಿ ಹೆಚ್ಚು ಹಾಕಿದ್ದು
ಅವನಿಗೆ ಗೊತ್ತಾಯಿತು.
ಏನೂ ಅನ್ನದೆ ಚೀಲ ಹೆಗಲಿಗೇರಿಸಿ
ಮೆಟ್ಟಿಲಿಳಿದ. ಆ ಮೌನದಲ್ಲಿ
ಕೃತಜ್ಞತೆ ಎಷ್ಟು, ಉಳಿದದ್ದು ಎಷ್ಟು,
ಅಳೆಯುವ ಟೇಪು ನನ್ನಲ್ಲಿಲ್ಲ.

ಮೊನ್ನೆ ಚಿನ್ನದಂಗಡಿಯವರ ತಮ್ಮ ಬಂದಿದ್ದ.
ಇನ್ನೊಂದು ಮಳಿಗೆಯಂತೆ, ಇನ್ನೂ ದೊಡ್ಡ ಗಾಜಂತೆ.
ಮುಂಭಾಗ ಬಡಗಣಕ್ಕಿದ್ದರೆ ನೋಡೋಣ ಅಂದೆ.
ನಿವೇಶನ ಇರುವುದು ಪಡುವಣಕ್ಕೆ.
ನಾಳೆ ಹೇಳಬೇಕು.
ನಾಳೆಯೇ ಒಂದನೇ ತಾರೀಕು.

ಮಾಡೆಲ್ ಇಡುವ ಕಪಾಟು ತೆಗೆದರೆ
ರಟ್ಟಿನ ಮನೆಗಳ ನಡುವೆ ಮರೆತುಹೋದ ಒಂದು ಗೆಡ್ಡೆ.
ಬಾಗಿಲ ಸಂದಿಯ ಬೆಳಕಿಗೆ
ಕುತ್ತಿಗೆ ಚಾಚಿದೆ, ಬಿಳಿಯ ಮೊಳಕೆ.
ಅದು ಪಡುವಣದ ಬೆಳಕು, ತಪ್ಪು ದಿಕ್ಕು ಎಂದು
ಅದಕ್ಕೆ ಯಾರೂ ಸಲಹೆ ಕೊಟ್ಟಿಲ್ಲ.